72ನೇ ನಿಮಿಷದಲ್ಲಿ ಎತ್ತಿದ ಹೆಬ್ಬೆರಳು

ಮೊನ್ನೆ ಟ್ರೈನಿಂಗ್ ಮುಗಿದ ಮೇಲೆ ನಮ್ಮ ಫುಟ್‌ಬಾಲ್ ಟೀಮಿನ ಹೊಸ ವಿಂಗರ್ ಹುಡುಗನನ್ನು ಫಿಸಿಯೋ ಕೇಳಿದರು, "ಕಾಲು ಸರಿಯಿದೆಯಾ?" ಅವನು ಹೆಬ್ಬೆರಳು ಎತ್ತಿ ತೋರಿಸಿದ. ಇನ್ನೊಂದು ಕೈ ಮಾತ್ರ ತೊಡೆಯ ಹಿಂದೆಯೇ ಇತ್ತು. ಅದನ್ನು ನೋಡಿ ನನಗೆ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ನಾಲ್ಕು ವರ್ಷದ ಹಿಂದೆ ನಾನೂ ಹೀಗೇ ಒಂದು ಹೆಬ್ಬೆರಳು ಎತ್ತಿದ್ದೆ.

ಆಗ ನನಗೆ 29. ಬಲಬದಿಯ ವಿಂಗರ್, ಅಂದರೆ ಮೈದಾನದ ಅಂಚಿನಲ್ಲಿ ಮುನ್ನುಗ್ಗಿ ಆಡುವವನು. 17ಕ್ಕೆ ಸೀನಿಯರ್ ಟೀಮಿಗೆ ಬಂದವನು, ಎರಡು ಸಲ ಲೋನ್ ಮೇಲೆ ಬೇರೆ ಕ್ಲಬ್‌ಗೆ ಹೋಗಿ ಬಂದವನು. ಅಷ್ಟು ವರ್ಷ ನನ್ನ ಹೊಟ್ಟೆ ಹೊರೆದದ್ದು ಒಂದೇ ವಿಷಯ, ವೇಗ. ಚೆಂಡನ್ನು ಎದುರಾಳಿಯ ಫುಲ್‌ಬ್ಯಾಕ್ (ಬದಿ ಕಾಯುವ ಡಿಫೆಂಡರ್) ಪಕ್ಕದಿಂದ ಮುಂದೆ ತಳ್ಳಿ ಓಡಿದರೆ ಮುಗಿಯಿತು, ಹಿಡಿಯುವವರಿರಲಿಲ್ಲ. ಕಾಂಟ್ರ್ಯಾಕ್ಟಿನ ಕೊನೆಯ ವರ್ಷ ಅದು. 25 ಪಂದ್ಯಗಳಲ್ಲಿ ಸ್ಟಾರ್ಟ್ ಮಾಡಿದರೆ, ಅಂದರೆ ಮೊದಲ 11ರಲ್ಲಿ ಇಳಿದರೆ, ಇನ್ನೊಂದು ವರ್ಷ ತಾನಾಗಿಯೇ ಸಿಗುತ್ತದೆ ಅಂತ ಒಂದು ಷರತ್ತು ಇತ್ತು. ಅವತ್ತಿನದು 22ನೆಯದು.

ಎಂಟು ದಿನದಲ್ಲಿ ಮೂರನೇ ಪಂದ್ಯ. ನಾವು 1-0 ಮುಂದೆ ಇದ್ದೆವು. 64ನೇ ನಿಮಿಷದಲ್ಲಿ ಒಂದು ಲಾಂಗ್ ಬಾಲ್‌ಗೆ ಓಡಿದಾಗ ಎಡತೊಡೆಯ ಹಿಂದೆ ಏನೋ ಬಿಗಿಯಿತು. ನೋವಲ್ಲ. ಒಣಗಿದ ಹಗ್ಗವನ್ನು ಯಾರೋ ಮೆಲ್ಲಗೆ ತಿರುಚಿದ ಹಾಗೆ. ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂದಿನ ಸ್ನಾಯು) ಅಂತ ಗೊತ್ತಾಯಿತು. ಗೊತ್ತಾಗಿಯೂ ಸಾಕ್ಸ್ ಸರಿಮಾಡುವ ನೆಪದಲ್ಲಿ ಬಗ್ಗಿ, ಕಾಲು ಎಳೆದು ನೋಡಿ, ಎದ್ದು ನಿಂತೆ. ಆ ವಾರ ಅದನ್ನು ಗಟ್ಟಿ ಮಾಡುವ ನಾರ್ಡಿಕ್ ವ್ಯಾಯಾಮ ಕೂಡ ಅರ್ಧಕ್ಕೇ ಬಿಟ್ಟಿದ್ದೆ, ಪಂದ್ಯ ಜಾಸ್ತಿ ಇವೆ, ಕಾಲು ಭಾರ ಆಗುತ್ತದೆ ಅಂತ.

ಬೆಂಚಿನಲ್ಲಿದ್ದ ಟ್ಯಾಬ್ಲೆಟ್ ಸರಿಯಿದ್ದಿದ್ದರೆ ನನ್ನ ವೆಸ್ಟಿನ (ಜೆರ್ಸಿಯೊಳಗಿನ ಅಂಗಿಯ) ಜಿಪಿಎಸ್‌ನಲ್ಲಿ ಓಟದ ವೇಗ ನೋಡಿ ಅವರಿಗೇ ಗೊತ್ತಾಗುತ್ತಿತ್ತು. ಆದರೆ ಅದರ ಸಿಗ್ನಲ್ ಪಂದ್ಯ ಬಿಟ್ಟು ಪಂದ್ಯ ಹೋಗುತ್ತಿತ್ತು. ಫಿಸಿಯೋ ಮೂರು ಸಲ ಬರೆದು ಕೊಟ್ಟಿದ್ದರು, ಮುಂದಿನ ಸೀಸನ್ ಬಜೆಟ್‌ನಲ್ಲಿ ನೋಡೋಣ ಅಂತ ಕ್ಲಬ್‌ನವರು ಅಂದಿದ್ದರಂತೆ. ಆಟಗಾರನ ಕಾಲಿಗೆ ಇಷ್ಟೆಲ್ಲ ದುಡ್ಡು ಸುರಿಯುವವರು ಒಂದು ಆ್ಯಂಟೆನಾಗೆ ಲೆಕ್ಕ ನೋಡುತ್ತಾರೆ. ಈಗಲೂ ಇದು ನನಗೆ ಅರ್ಥವಾಗಿಲ್ಲ.

72ನೇ ನಿಮಿಷ. ಆಟ ನಿಂತಿತ್ತು. ಕೋಚ್ ಟಚ್‌ಲೈನ್‌ವರೆಗೆ ಬಂದು ಕೂಗಿದರು, "ಕಾಲು ಹೇಗಿದೆಯಪ್ಪಾ?" ಅವರ ಹಿಂದೆ ಇಬ್ಬರು ಬೆಂಚಿನವರು ಹಾಕುವ ಬಿಬ್ ಬಿಚ್ಚಿ, ಒಳಗೆ ಬರಲು ಸಿದ್ಧರಾಗಿ ನಿಂತಿದ್ದರು. ಒಬ್ಬ ಮಿಡ್‌ಫೀಲ್ಡರ್, ಇನ್ನೊಬ್ಬ ನನ್ನ ಜಾಗಕ್ಕೆ ಕಾಯುತ್ತಿದ್ದ ಹುಡುಗ. ಐದು ಸಬ್ (ಬದಲಿ ಆಟಗಾರರು) ಇದ್ದರೂ ಆಟ ನಿಲ್ಲಿಸಿ ಬದಲಾಯಿಸಲು ಮೂರೇ ಅವಕಾಶ. ನಮ್ಮದು ಎರಡು ಮುಗಿದಿತ್ತು. ಅದು ಕೊನೆಯದು.

ಇದೆಲ್ಲ ನನಗೆ ಗೊತ್ತಿತ್ತು. ಹೊರಗೆ ಬಂದರೂ ಸ್ಟಾರ್ಟ್ ಲೆಕ್ಕಕ್ಕೆ ಏನೂ ನಷ್ಟವಿಲ್ಲ ಅಂತಲೂ ಗೊತ್ತಿತ್ತು. ಭಯ ಅದಲ್ಲ. ಆ ಹುಡುಗ ಒಳಗೆ ಹೋಗಿ 18 ನಿಮಿಷದಲ್ಲಿ ಎರಡು ಒಳ್ಳೆ ಓಟ ಓಡಿಬಿಟ್ಟರೆ ಮುಂದಿನ ಶನಿವಾರ ಬೆಂಚಿನಲ್ಲಿ ಕೂರುವವನು ನಾನು. ತಲೆಯಲ್ಲಿ ಅಷ್ಟೇ ಇತ್ತು. ಹೆಬ್ಬೆರಳು ಎತ್ತಿದೆ.

ಕೋಚ್ ತಲೆಯಾಡಿಸಿ ಮಿಡ್‌ಫೀಲ್ಡರ್ ಒಬ್ಬನನ್ನೇ ಕಳಿಸಿದರು. ಹುಡುಗ ಮತ್ತೆ ಬಿಬ್ ಹಾಕಿಕೊಂಡ.

ನನ್ನ ಹಿಂದೆ ರೈಟ್ ಬ್ಯಾಕ್ (ಬಲಬದಿಯ ಡಿಫೆಂಡರ್) ಆಡುತ್ತಿದ್ದವನಿಗೆ 20 ವರ್ಷ. ನನ್ನನ್ನು ಅಣ್ಣಾ ಅಂತಲೇ ಕರೆಯುತ್ತಿದ್ದ. 83ನೇ ನಿಮಿಷದಲ್ಲಿ ಎದುರಾಳಿ ವಿಂಗರ್ ಚೆಂಡು ಹಿಡಿದು ಅಂಚಿನಿಂದ ಒಳಕ್ಕೆ ಕಟ್ ಮಾಡಿದ, ಅವರ ಲೆಫ್ಟ್ ಬ್ಯಾಕ್ ಅವನನ್ನು ದಾಟಿ ಹೊರಗಿನಿಂದ ಮುಂದಕ್ಕೆ ಓಡುವ ಓವರ್‌ಲ್ಯಾಪ್ ಶುರು ಮಾಡಿದ. ನಮ್ಮ ಹುಡುಗ ಒಂದು ಕ್ಷಣ ನನ್ನ ಕಡೆ ತಿರುಗಿ ನೋಡಿದ. ನಾನು ಕೂಗಿದೆ, "ನೀನ್ ಒಳಗ್ ಹೋಗು, ಅವನನ್ನ ನಾನ್ ನೋಡ್ಕೋತೀನಿ!"

ಅವನು ನಂಬಿ ಒಳಗೆ ಹೋದ. ನಾನು ನಾಲ್ಕು ಹೆಜ್ಜೆ ಓಡಿದೆ. ಐದನೆಯದಕ್ಕೆ ಹಗ್ಗ ಮತ್ತೆ ಬಿಗಿಯಿತು. ನಿಧಾನ ಮಾಡಿದೆ. ಅವರ ಲೆಫ್ಟ್ ಬ್ಯಾಕ್ ನನ್ನ ಕಣ್ಣೆದುರೇ ಐದು ಮೀಟರ್, ಎಂಟು ಮೀಟರ್ ಮುಂದೆ ಹೋದ. ತಲೆ ಎತ್ತಿ, ನೋಡಿ, ಆರಾಮವಾಗಿ ಕಟ್‌ಬ್ಯಾಕ್ (ಗೋಲಿನ ಬಳಿಯಿಂದ ಹಿಂದಕ್ಕೆ ಪಾಸ್) ಕೊಟ್ಟ. ಗೋಲು. 1-1.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ನನ್ನ ತಪ್ಪನ್ನು ನಾನೇ ತೊಳೆಯಬೇಕು ಅಂತ ಹಟ ಹಿಡಿದೆ. 88ನೇ ನಿಮಿಷದಲ್ಲಿ ಕೌಂಟರ್ ಅಟ್ಯಾಕ್ ಸಿಕ್ಕಿತು, ಫುಲ್ ಸ್ಪ್ರಿಂಟ್ ಹಾಕಿದೆ. ಹಿಂದಿನಿಂದ ಯಾರೋ ಕಲ್ಲು ಹೊಡೆದ ಹಾಗಾಯಿತು. ತಿರುಗಿ ನೋಡಿದೆ, ಯಾರೂ ಇರಲಿಲ್ಲ. ಬಿದ್ದೆ. ಸಬ್ ಒಬ್ಬ ಬಾಕಿಯಿದ್ದ, ಅವಕಾಶ ಬಾಕಿಯಿರಲಿಲ್ಲ. ಟೀಮು 10 ಜನರಲ್ಲಿ ಇಂಜುರಿ ಟೈಮ್ ಎಲ್ಲ ಲೋ ಬ್ಲಾಕ್‌ನಲ್ಲಿ, ತನ್ನ ಗೋಲಿನ ಹತ್ತಿರವೇ ಗುಂಪಾಗಿ ನಿಂತು, ಒದ್ದಾಡಿತು. ನಾನು ಜಾಹೀರಾತು ಬೋರ್ಡಿನ ಹಿಂದೆ ಐಸ್ ಕಟ್ಟಿಸಿಕೊಂಡು ಮಲಗಿದ್ದೆ. ಅಲ್ಲಿಂದ ಕಾಣುತ್ತಿದ್ದದ್ದು ಬರೀ ಬೂಟುಗಳು. ನಮ್ಮ ರೈಟ್ ಬ್ಯಾಕ್‌ನ ಬೂಟು ಗುರುತು ಸಿಗುತ್ತಿತ್ತು. ತನ್ನ ಜಾಗ, ನನ್ನ ಜಾಗ ಎರಡಕ್ಕೂ ಅವನೊಬ್ಬನೇ ಓಡುತ್ತಿದ್ದ.

ಡ್ರಾ ಆಯಿತು.

ಸೋಮವಾರ ವಿಡಿಯೋ ಮೀಟಿಂಗ್. ಅನಲಿಸ್ಟ್ ಕತ್ತರಿಸಿದ್ದ ಕ್ಲಿಪ್ ಶುರುವಾಗುವುದೇ ಓವರ್‌ಲ್ಯಾಪ್ ಅರ್ಧ ಮುಗಿದ ಮೇಲೆ. ಅದರಲ್ಲಿ ಕಾಣುವುದು ಇಷ್ಟೇ: ರೈಟ್ ಬ್ಯಾಕ್ ಒಳಗೆ ನಿಂತಿದ್ದಾನೆ, ಹೊರಗೆ ಅವರ ಆಟಗಾರ ಒಬ್ಬನೇ ಇದ್ದಾನೆ. ಕೋಚ್ ಕೇಳಿದರು, "ನೀನ್ಯಾಕೆ ಒಳಗೆ ಬಂದೆ?" ಹುಡುಗ ನನ್ನ ಕಡೆ ಒಂದೇ ಒಂದು ಸಲ ನೋಡಿದ. ನಾನು ಊರುಗೋಲಿನ ತುದಿಯ ರಬ್ಬರ್ ನೋಡುತ್ತಾ ಕೂತೆ. "ಸಾರಿ ಸರ್, ನನ್ ತಪ್ಪು" ಅಂದ ಅವನು.

ಮುಂದಿನ ಐದು ಪಂದ್ಯ ಅವನು ಬೆಂಚಿನಲ್ಲಿದ್ದ.

ಮೀಟಿಂಗ್ ಆದ ಮೇಲೆ ಫಿಸಿಯೋ ನನ್ನನ್ನು ಕರೆದು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. ವೆಸ್ಟಿನಿಂದ ಡೌನ್‌ಲೋಡ್ ಆದ ಗ್ರಾಫು. ಮೊದಲರ್ಧದಲ್ಲಿ ಗಂಟೆಗೆ 33 ಕಿ.ಮೀ. ಮುಟ್ಟಿದ್ದವನು 64ನೇ ನಿಮಿಷದ ನಂತರ 25ರ ಗೆರೆ ದಾಟಿಯೇ ಇಲ್ಲ, ಕೊನೆಯ ಓಟ ಒಂದನ್ನು ಬಿಟ್ಟು. ಅವರು ಬಯ್ಯಲಿಲ್ಲ. "24 ನಿಮಿಷ ನನಗೆ ಹೇಳದೆ ಇದ್ದೆ" ಅಂದರು. ಅಷ್ಟೇ.

ಕೋಚ್ ಹತ್ತಿರ ಹೋಗಿ ಹೇಳಲು ನನಗೆ ಮೂರು ವಾರ ಬೇಕಾಯಿತು. ಅವರು ಮಾತಾಡದೆ ಪಂದ್ಯದ ಪೂರ್ತಿ ವಿಡಿಯೋ ತೆಗೆದು, ಕ್ಲಿಪ್‌ಗಿಂತ ಹತ್ತು ಸೆಕೆಂಡ್ ಹಿಂದೆ ಹೋಗಿ ಎರಡು ಸಲ ನೋಡಿದರು. ಮುಂದಿನ ಪಂದ್ಯಕ್ಕೆ ಹುಡುಗ ಟೀಮಿಗೆ ವಾಪಸ್ ಬಂದ. ನಾನು ಅವನ ಕ್ಷಮೆ ಕೇಳಿದೆ. "ಬಿಡಿ ಅಣ್ಣಾ" ಅಂದ. ಆದರೆ ಆಮೇಲೆ ಮೈದಾನದಲ್ಲಿ ನಾನು ಏನು ಕೂಗಿದರೂ ಒಂದು ಸಲ ತಾನೇ ತಿರುಗಿ ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದ. ಅದು ಸರಿಯೇ. ಆದರೂ ಪ್ರತಿ ಸಲ ಚುಚ್ಚುತ್ತಿತ್ತು.

ನನ್ನ ಲೆಕ್ಕ 22ಕ್ಕೇ ನಿಂತಿತು. ಒಂಬತ್ತು ವಾರಕ್ಕೆ ವಾಪಸ್ ಬಂದೆ, ಸೀಸನ್ ಮುಗಿಯುವ ತನಕ ಕೊನೆಯ ಹತ್ತಿಪ್ಪತ್ತು ನಿಮಿಷಕ್ಕಷ್ಟೇ ಇಳಿದೆ. ಕ್ಲಬ್ ಕಾಂಟ್ರ್ಯಾಕ್ಟ್ ಮುಂದುವರಿಸಲಿಲ್ಲ.

ಮನೆಯಲ್ಲಿ ಕೂತಿದ್ದಾಗ ಓದಿದ್ದು ಹೇಳುತ್ತೇನೆ, ಈ ಕೆಲಸದಲ್ಲಿರುವವರಿಗೆ ಬೇಕು. ಯೂರೋಪಿನ ದೊಡ್ಡ ಕ್ಲಬ್‌ಗಳನ್ನು ಅಲ್ಲಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ವರ್ಷಾನುಗಟ್ಟಲೆ ಅಧ್ಯಯನ ಮಾಡಿದೆ. 2001-02ರಲ್ಲಿ ಒಟ್ಟು ಗಾಯಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಪಾಲು ಶೇ. 12 ಇತ್ತು, 2021-22ಕ್ಕೆ ಶೇ. 24 ಆಗಿದೆ. ಆಟದ ವೇಗ ಏರಿದೆ, ಪಂದ್ಯಗಳು ಏರಿವೆ, ಕಾಲು ಅದೇ ಕಾಲು. ಅದರಲ್ಲೂ ವಿಂಗರ್ ಕೆಲಸವೇ ನಿಂತಲ್ಲಿಂದ ಸ್ಪ್ರಿಂಟ್ ಹಾಕುವುದು, ಅಲ್ವಾ?

ವೇಗ ಹೋದರೆ ವಿಂಗರ್ ಕಥೆ ಮುಗಿಯಿತು ಅಂತ ನಾನು ನಂಬಿದ್ದೆ. ಅದಕ್ಕೇ ಅಷ್ಟು ಹೆದರಿದ್ದೆ. ಆದರೆ ಇಂಗ್ಲೆಂಡಿನ ವಿಂಗರ್ ಸ್ಟ್ಯಾನ್ಲಿ ಮ್ಯಾಥ್ಯೂಸ್ 1953ರ ಎಫ್‌ಎ ಕಪ್ ಫೈನಲ್‌ನಲ್ಲಿ 1-3 ಹಿಂದಿದ್ದ ಬ್ಲ್ಯಾಕ್‌ಪೂಲ್ ಅನ್ನು 4-3ಕ್ಕೆ ಎಳೆದು ತಂದಾಗ ಅವರಿಗೆ 38 ವರ್ಷ. ಇಂಗ್ಲೆಂಡಿನ ಮೊದಲ ಡಿವಿಷನ್‌ನಲ್ಲಿ ಕೊನೆಯ ಪಂದ್ಯ ಆಡಿದ್ದು 1965ರಲ್ಲಿ, 50 ತುಂಬಿದ ಮೇಲೆ. ಆಂಟೋನಿಯೋ ವೆಲೆನ್ಸಿಯಾ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ವಿಂಗರ್ ಆಗಿದ್ದವರು ರೈಟ್ ಬ್ಯಾಕ್ ಆಗಿ ಅದೇ ಟೀಮಿನ ನಾಯಕರಾದರು. ದಾರಿಗಳು ಇದ್ದವು. ನಾನು ಯಾರನ್ನೂ ಕೇಳಿರಲಿಲ್ಲ.

ಈಗ ನಾನೂ ರೈಟ್ ಬ್ಯಾಕ್. ನನ್ನ ಮುಂದೆ ಆಡುವವನೇ ಆ ಹೊಸ ಹುಡುಗ, ವಯಸ್ಸು 19. ಮೊನ್ನೆ ಅವನನ್ನು ಪಕ್ಕಕ್ಕೆ ಕರೆದು ಇದನ್ನೆಲ್ಲ ಹೇಳಿದೆ. ಬೆಂಚಿಗೆ ಹೆಬ್ಬೆರಳು ಬೇಕಾದರೆ ತೋರಿಸಿಕೊ, ಆದರೆ ಕಾಲು ಬಿಗಿದರೆ ಎಡಗಾಲಿನ ಸಾಕ್ಸ್ ಕೆಳಗೆ ಎಳೆ, ಉಳಿದದ್ದು ನನಗೆ ಬಿಡು ಅಂದೆ. ಸುಮ್ನೆ ಹೂಂ ಅಂದ.

ನಿನ್ನೆಯ ಪಂದ್ಯದಲ್ಲಿ, 61ನೇ ನಿಮಿಷ, ಥ್ರೋ-ಇನ್‌ಗೆ ಕಾಯುತ್ತಿದ್ದಾಗ ಬಗ್ಗಿ ಎಡಗಾಲಿನ ಸಾಕ್ಸ್ ಎಳೆದ. ಕೂಡಲೇ ಮೇಲಕ್ಕೂ ಎಳೆದುಕೊಂಡ. ನಾನು ನೋಡಿದ್ದೆ. ಬೆಂಚಿನ ಕಡೆ ತಿರುಗಿ ಕೈಯೆತ್ತಿದೆ. ಬೋರ್ಡಿನಲ್ಲಿ ತನ್ನ ನಂಬರ್ ಬಂದಾಗ ಅವನು ಸಿಟ್ಟಿನಿಂದ ನೀರಿನ ಬಾಟಲಿ ಒದ್ದ. ಡ್ರೆಸ್ಸಿಂಗ್ ರೂಮಿನಲ್ಲಿ ನನ್ನ ಜೊತೆ ಮಾತಾಡಲಿಲ್ಲ. ಫಿಸಿಯೋ ಟೇಬಲ್ ಮೇಲೆ ಬೋರಲು ಮಲಗಿ, ಎಲ್ಲಿ ಬಿಗಿಯುತ್ತಿದೆ ಅಂತ ಬೆರಳಿಟ್ಟು ತೋರಿಸುತ್ತಿದ್ದ.