ಲೇಖನ ಬರೆದು ಕೆಲಸ ಕಳೆದುಕೊಂಡ ಪಾದ್ರಿ

ರಾತ್ರಿ ಸುಮ್ನೆ ವಿಲಿಯಂ ರಾಬರ್ಟ್‌ಸನ್ ಸ್ಮಿತ್ ಬಗ್ಗೆ ಓದುತ್ತಾ ಕೂತೆ, ನಿದ್ದೆ ಹಾರಿಹೋಯಿತು. ಸ್ಕಾಟ್ಲೆಂಡಿನ ಫ್ರೀ ಚರ್ಚ್‌ನ ಪಾದ್ರಿ, ಅಬರ್ಡೀನಿನಲ್ಲಿ ಹೀಬ್ರೂ ಮೇಷ್ಟ್ರು. 1875ರಲ್ಲಿ ಬ್ರಿಟಾನಿಕಾ ವಿಶ್ವಕೋಶಕ್ಕೆ ‘ಬೈಬಲ್’ ಅಂತ ಲೇಖನ ಬರೆದರು. ಬೈಬಲ್ಲಿನ ಐದನೇ ಪುಸ್ತಕವಾದ ಧರ್ಮೋಪದೇಶಕಾಂಡವನ್ನು ಎಲ್ಲರೂ ನಂಬಿದಂತೆ ಪ್ರವಾದಿ ಮೋಶೆ ಬರೆದಿದ್ದಲ್ಲ, ಎಷ್ಟೋ ಕಾಲದ ನಂತರದ್ದು ಅಂದರು. ಅಷ್ಟಕ್ಕೇ ಚರ್ಚಿನವರಿಂದ ವಿಚಾರಣೆ, ಅದೂ ವರ್ಷಗಟ್ಟಲೆ. 1880ರಲ್ಲಿ ಬುದ್ಧಿ ಹೇಳಿ ಬಿಟ್ಟರು. ಬೆನ್ನಿಗೇ ವಿಶ್ವಕೋಶದ ಹೊಸ ಸಂಪುಟ ಬಂತು, ಅದರಲ್ಲಿ ಇವರದೇ ಇನ್ನೊಂದು ಲೇಖನ! ಮತ್ತೆ ಗಲಾಟೆ. 1881ರಲ್ಲಿ ಮೇಷ್ಟ್ರ ಕೆಲಸ ಹೋಯಿತು.

ಪಾದ್ರಿ ಪಟ್ಟ ಮಾತ್ರ ಕಿತ್ತುಕೊಳ್ಳಲಿಲ್ಲ, ವಿಚಿತ್ರ ಅಲ್ವಾ? ಪಾಠ ಹೇಳಿದರೆ ಅಪಾಯ, ಉಪದೇಶ ಮಾಡಿದರೆ ಪರವಾಗಿಲ್ಲ ಅಂತಾನಾ? ಹುಡುಗರ ತಲೆ ಕೆಡುತ್ತೆ ಅನ್ನೋ ಭಯವೇ ಜಾಸ್ತಿ ಇತ್ತೇನೋ. ಅವರಂತೂ ಸೀದಾ ಹೋಗಿ ಅದೇ ಬ್ರಿಟಾನಿಕಾದ ಸಂಪಾದಕರಾದರು.