ಎಕ್ಸ್ ಬರೆದ ಬಾಗಿಲುಗಳು ಮತ್ತು ನಮ್ಮ ಹಿಂದಿ ಮೇಷ್ಟ್ರು

ನಮ್ಮ ಹಿಂದಿ ಮೇಷ್ಟ್ರು ಈ ವರ್ಷ ತೀರಿಕೊಂಡರು. ಶಾಲೆಯ ಸಂಚಿಕೆಗೆ ಅವರ ಬಗ್ಗೆ ಬರಿ ಅಂತ ಗೆಳೆಯರು ಹೇಳಿದಾಗ ಅವರು ಮಾಡಿದ ಪಾಠ ಯಾವುದೂ ನೆನಪಿಗೆ ಬರಲಿಲ್ಲ. ಕಬೀರನ ದೋಹೆ ಇತ್ತು ಅನ್ನೋದು ಬಿಟ್ಟರೆ ಸಿಲೆಬಸ್ಸೇ ಅಳಿಸಿಹೋಗಿದೆ. ಕಣ್ಣಮುಂದೆ ಬಂದದ್ದು ಅವರ ಹೆಗಲಿಗೆ ನೇತಾಡುತ್ತಿದ್ದ ಲಸಿಕೆಯ ಐಸ್ ಡಬ್ಬಿ, ಮತ್ತೆ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆ.

ನಾನು ಎಂಟನೇ ಕ್ಲಾಸಿಗೆ ಸೇರಿದ್ದು 1997ರಲ್ಲಿ. ಅದೇ ವರ್ಷ ದಾವಣಗೆರೆ ಬೇರೆ ಜಿಲ್ಲೆ ಆಯಿತು. ಶಾಲೆಯಲ್ಲಿ ಇಂಟರಾಕ್ಟ್ ಕ್ಲಬ್ ಇತ್ತು. ರೋಟರಿಯವರ ಬೆಂಬಲದಲ್ಲಿ ನಡೆಯುವ, 12ರಿಂದ 18 ವರ್ಷದವರ ಕ್ಲಬ್ ಅದು. 1962ರಲ್ಲಿ ಅಮೆರಿಕದ ಫ್ಲಾರಿಡಾದ ಒಂದು ಹೈಸ್ಕೂಲಿನಲ್ಲಿ ಶುರುವಾದದ್ದು. ಎಷ್ಟೋ ಕಡೆ ಇಂಥ ಕ್ಲಬ್ ಅಂದರೆ ವರ್ಷಕ್ಕೊಮ್ಮೆ ಪದಗ್ರಹಣ, ಬ್ಯಾಡ್ಜು, ಟೀ, ಬಿಸ್ಕತ್ತು. ನಮ್ಮ ಮೇಷ್ಟ್ರಿಗೆ ಅದು ಸಾಕಾಗುತ್ತಿರಲಿಲ್ಲ. ಹತ್ತನೇ ಕ್ಲಾಸಿನಲ್ಲಿ ನಾನೇ ಕ್ಲಬ್ಬಿನ ಅಧ್ಯಕ್ಷ. ಆ ಹುದ್ದೆಗೆ ನನ್ನನ್ನು ಆರಿಸಿದ್ದು ಅವರೇ, ಅದನ್ನು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ.

ಪಲ್ಸ್ ಪೋಲಿಯೊ ನಮ್ಮ ದೇಶದಲ್ಲಿ ಶುರುವಾಗಿದ್ದು 1995ರ ಡಿಸೆಂಬರಿನಲ್ಲಿ. ಮೊದಲು 3 ವರ್ಷದೊಳಗಿನ ಮಕ್ಕಳಿಗೆ, ಆಮೇಲೆ 5 ವರ್ಷದೊಳಗಿನ ಎಲ್ಲರಿಗೂ. ರೋಟರಿಯವರಂತೂ 1985ರಿಂದಲೇ ಜಗತ್ತಿನ ತುಂಬ ಪೋಲಿಯೊ ಓಡಿಸಲು ಟೊಂಕ ಕಟ್ಟಿದ್ದರು. ಭಾನುವಾರ ಬೂತ್ ಹಾಕುತ್ತಿದ್ದರು. ಸಿಸ್ಟರ್ ಬಾಯಿಗೆ ಎರಡು ಹನಿ ಹಾಕಿದರೆ, ನಾವು ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ ಹಚ್ಚುತ್ತಿದ್ದೆವು. ಮನೆಮನೆಗೂ ಹೋಗುವುದು ಶುರುವಾದ ಮೇಲೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುವ ಕೆಲಸವೂ ಬಂತು. ಮನೆಯ ಮಕ್ಕಳಿಗೆಲ್ಲ ಹನಿ ಬಿದ್ದಿದ್ದರೆ 'ಪಿ'. ಒಂದು ಮಗು ಬಾಕಿ ಇದ್ದರೂ, ಮನೆಗೆ ಬೀಗ ಇದ್ದರೂ 'ಎಕ್ಸ್'.

ನಮ್ಮ ಕಿತಾಪತಿ ಹುಟ್ಟಿದ್ದು ಇದರಿಂದಲೇ. ಒಂದು ಸೋಮವಾರ ಬೆಳಿಗ್ಗೆ ನೋಡಿದರೆ ಇಡೀ ಕ್ಲಾಸಿನ ಕಿರುಬೆರಳು ಕಪ್ಪು. ಉಳಿದ ಶಾಯಿಯನ್ನು ನಮ್ಮ ಬೆಂಚಿನವರು ಸುಮ್ನೆ ಬಿಟ್ಟಿರಲಿಲ್ಲ. ಅಷ್ಟಕ್ಕೇ ನಿಂತಿದ್ದರೆ ಏನೋ ಆಗುತ್ತಿತ್ತು. ನನ್ನ ಪಕ್ಕದವನು ಸ್ಟಾಫ್ ರೂಮಿನ ಬಾಗಿಲಿಗೆ 'ಪಿ' ಬರೆದು, ಹೆಡ್ ಮಾಸ್ಟರ ಕೋಣೆಯ ಬಾಗಿಲಿಗೆ ದೊಡ್ಡದಾಗಿ 'ಎಕ್ಸ್' ಎಳೆದು, ಕೆಳಗೆ "5 ವರ್ಷದೊಳಗಿನವರು ಒಬ್ಬರು ಬಾಕಿ" ಅಂತ ಬೇರೆ ಬರೆದಿದ್ದ! ಹೆಡ್ ಮಾಸ್ಟರು ಕೆಂಡಾಮಂಡಲ. ಶಿಕ್ಷೆ ಕೊಡುವ ಕೆಲಸ ಹಿಂದಿ ಮೇಷ್ಟ್ರ ಪಾಲಿಗೆ ಬಂತು. ಅವರು ಬೆತ್ತ ಮುಟ್ಟಲಿಲ್ಲ. "ಎಕ್ಸ್ ಬರೆಯೋಕೆ ಬಂತಲ್ಲ, ಈಗ ಅಳಿಸೋದು ಕಲೀರಿ. ಸಂಜೆ ನನ್ನ ಜೊತೆ ಬನ್ನಿ" ಅಂದರು.

ಕರೆದುಕೊಂಡು ಹೋದದ್ದು ಮಂಡಕ್ಕಿ ಭಟ್ಟಿಗಳ ಕಡೆಗೆ. ದಾವಣಗೆರೆಯ ಮಂಡಕ್ಕಿ ಎಲ್ಲರಿಗೂ ಗೊತ್ತು. ಅದನ್ನು ಹುರಿಯುವವರ ಬದುಕು ಎಷ್ಟು ಜನಕ್ಕೆ ಗೊತ್ತು? ಕಾದ ಮರಳು, ಕಣ್ಣು ಉರಿಸುವ ಹೊಗೆ, ಬೆಳಗಿನ ಜಾವದಿಂದಲೇ ಕೆಲಸ. ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಅಲ್ಲೇ. ಆರೋಗ್ಯ ಇಲಾಖೆಯವರು ಹಗಲು ಹೋದಾಗ ಮನೆಗೆ ಬೀಗ, ಹಾಗಾಗಿ ಸಾಲಾಗಿ 'ಎಕ್ಸ್'. ಮೇಷ್ಟ್ರಿಗೆ ಉರ್ದು ಚೆನ್ನಾಗಿ ಬರುತ್ತಿತ್ತು. ಒಬ್ಬ ಅಜ್ಜಿ "ಹೋದ ಸಲಾನೂ ಹಾಕಿದ್ರಲ್ಲ, ಮತ್ತೆ ಯಾಕೆ?" ಅಂತ ತಕರಾರು ತೆಗೆದಾಗ ಮೇಷ್ಟ್ರು ಅಲ್ಲೇ ಚೀಲದ ಮೇಲೆ ಕೂತರು. ಈ ರೋಗದ ವೈರಸ್ ಮಕ್ಕಳ ಹೊಟ್ಟೆಯಲ್ಲಿ ಬೆಳೆಯುತ್ತೆ, ಕೊಳಕು ನೀರಿನಿಂದ ಹರಡುತ್ತೆ, ಎಲ್ಲ ಮಕ್ಕಳಿಗೂ ಒಟ್ಟಿಗೆ ಮತ್ತೆ ಮತ್ತೆ ಹನಿ ಹಾಕಿದರೆ ಅದಕ್ಕೆ ಉಳಿಯೋಕೆ ಜಾಗ ಸಿಗಲ್ಲ, ಒಂದು ಮನೆ ಬಿಟ್ಟರೆ ಅಲ್ಲೇ ಸೇರಿಕೊಳ್ಳುತ್ತೆ ಅಂತ ನಿಧಾನಕ್ಕೆ, ಸ್ವಂತ ಅಮ್ಮನಿಗೆ ಹೇಳುವ ಹಾಗೆ ಹೇಳಿದರು. "ಏಕ್ ಬಚ್ಚಾ ಬಾಕಿ, ತೋ ಕಾಮ್ ಬಾಕಿ, ಅಮ್ಮಾ." ಅಜ್ಜಿಯೇ ಎದ್ದು ಹೋಗಿ ಅಕ್ಕಪಕ್ಕದ ಮಕ್ಕಳನ್ನೂ ಎಳೆದುಕೊಂಡು ಬಂದಳು.

ಕತ್ತಲಾಗಿತ್ತು. ಸಿಸ್ಟರ್ ಪ್ರತಿ ಬಾಟಲಿಯನ್ನೂ ಟಾರ್ಚ್ ಬಿಟ್ಟು ನೋಡುತ್ತಿದ್ದರು. ಅದರ ಲೇಬಲ್ ಮೇಲೆ ಬಣ್ಣದ ವೃತ್ತದೊಳಗೆ ಒಂದು ಸಣ್ಣ ಬಿಳಿ ಚೌಕ ಇರುತ್ತೆ. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತೆ, ವೃತ್ತದ ಬಣ್ಣಕ್ಕೆ ಬಂದರೆ ಆ ಬಾಟಲಿ ಬಿಸಾಡಬೇಕು. ವಿಜ್ಞಾನದ ಪುಸ್ತಕದಲ್ಲಿ ಓದಿದ್ದು ಎಷ್ಟೋ ಮರೆತಿದ್ದೇನೆ, ಇದನ್ನು ಮರೆತಿಲ್ಲ. ಆ ವಾರವೆಲ್ಲ ಸಂಜೆ ಹೋದೆವು. ಒಬ್ಬ ತಾಯಿ ಹೊಟ್ಟಿನ ರಾಶಿಯ ಪಕ್ಕ ಮಲಗಿದ್ದ ಮಗುವನ್ನು ಎಬ್ಬಿಸಿಕೊಂಡು ಬಂದು ಹನಿ ಹಾಕಿಸಿ, ನಮಗೆಲ್ಲ ಪೇಪರಿನಲ್ಲಿ ಬಿಸಿಬಿಸಿ ಮಂಡಕ್ಕಿ ಕಟ್ಟಿಕೊಟ್ಟಳು. ಆ ಓಣಿಯ 'ಎಕ್ಸ್' ಎಲ್ಲ ಅಳಿಸಿ 'ಪಿ' ಬರೆದೇ ಮೇಷ್ಟ್ರು ನಮ್ಮನ್ನು ಬಿಟ್ಟದ್ದು.

ದೇಶದ ಕೊನೆಯ ಕೇಸು 2011ರ ಜನವರಿ 13ರದ್ದು, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ಕ್ಕೆ ಭಾರತ ಪೋಲಿಯೊಮುಕ್ತ ಅಂತ ಘೋಷಣೆಯಾಯಿತು. ಆ ದಿನ ಮೇಷ್ಟ್ರಿಗೆ ಫೋನ್ ಮಾಡಿದ್ದೆ. "ನಮ್ಮ ಓಣಿಯವರಿಗೆ ಹೇಳಿದೆಯಾ?" ಅಂತ ಕೇಳಿದರು. ಆ ಗೆಲುವಿನಲ್ಲಿ ನಮ್ಮ ಕ್ಲಾಸಿನದೂ ಸಣ್ಣದೊಂದು ಪಾಲಿದೆ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಈಗಿನ ಶಾಲೆಗಳಲ್ಲೂ ಸೇವೆ ಇದೆ. ಆದರೆ ಅದು ಪ್ರಾಜೆಕ್ಟ್. ಒಂದು ದಿನ ಸ್ಲಂಗೆ ಹೋಗಿ, ನೋಟ್ ಪುಸ್ತಕ ಹಂಚಿ, ಫೋಟೊ ತೆಗೆದು, ಫೈಲಿಗೆ ಅಂಟಿಸಿದರೆ ಮುಗೀತು. ಹತ್ತನೇ ಕ್ಲಾಸಿನವರಿಗಂತೂ ಅದೂ ಇಲ್ಲ, ಬರೀ ಟ್ಯೂಷನ್. ಎರಡನೇ ಸಲ ಅದೇ ಮನೆಗೆ ಹೋಗೋರು ಯಾರು? ಮೊದಲ ಸಲ ಹೋದಾಗ ಸಿಗುವವರು ಹೇಗೂ ಸಿಗುತ್ತಾರೆ, ಅಲ್ವಾ? ನಿಜವಾಗಿ ನಮ್ಮ ಅಗತ್ಯ ಜಾಸ್ತಿ ಇರುವುದು ಬೀಗ ಹಾಕಿದ ಮನೆಯವರಿಗೆ. ಬೆಂಗಳೂರಿನಲ್ಲಿ ನಾನಿರುವ ಕ್ಲಬ್ಬಿನಲ್ಲಿ ಇದೇ ಮಾತಿಗೆ ಹಟ ಹಿಡಿದೆ. ಮಕ್ಕಳಿಗೆ ಕನ್ನಡಕ ಕೊಟ್ಟರೆ ಮೂರು ತಿಂಗಳು ಬಿಟ್ಟು ಹೋಗಿ ಹಾಕಿಕೊಳ್ಳುತ್ತಿದ್ದಾರಾ ನೋಡಬೇಕು, ಶಿಬಿರಕ್ಕೆ ಬಾರದ ಮಕ್ಕಳ ಪಟ್ಟಿ ಮಾಡಿ ಅವರ ಮನೆಗೇ ಹೋಗಬೇಕು ಅಂತ. ಈಗ ಅದು ನಮ್ಮ ಕ್ಲಬ್ಬಿನ ಪದ್ಧತಿಯಾಗಿದೆ.

ಮೇಷ್ಟ್ರ ಹೆಸರಿನಲ್ಲಿ ಬಹುಮಾನ ಇಡೋಣ ಅಂತ ನಮ್ಮ ಬ್ಯಾಚಿನಲ್ಲಿ ಮಾತು ಬಂದಿತ್ತು. ನಾನು ಬೇಡ ಅಂದೆ. ಅದರ ಬದಲು ಹತ್ತನೇ ಕ್ಲಾಸಿನವರನ್ನೂ ಸೇರಿಸಿ ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಮಕ್ಕಳನ್ನು ಬಿಡಿ, ಜೊತೆಗೆ ಹೋಗಲು ನಾವು ಸರದಿಯಂತೆ ಬರುತ್ತೇವೆ ಅಂತ ಶಾಲೆಗೆ ಕೇಳಿಕೊಂಡೆವು. ಈಗಿನ ಹೆಡ್ ಮಾಸ್ಟರು ಒಪ್ಪಿದ್ದಾರೆ. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಮೊದಲ ಸರದಿ ನನ್ನದು.