ವೇಲ್ಯಾಂಡಿಗೆ ಹೋದೆ, ಆದ್ರೂ ಎಕ್ಸ್ ಬಿಟ್ಟಿಲ್ಲ

ಲಿನಕ್ಸ್ ಕಂಪ್ಯೂಟರಲ್ಲಿ ವಿಂಡೋಗಳನ್ನ ಪರದೆ ಮೇಲೆ ತೋರ್ಸೋ ಹಳೇ ವ್ಯವಸ್ಥೆ ಎಕ್ಸ್ (ಟ್ವಿಟರ್ ಅಲ್ಲ), ಅದರ ಜಾಗಕ್ಕೆ ಬಂದ ಹೊಸದು ವೇಲ್ಯಾಂಡ್. ಎಕ್ಸ್ ಹುಟ್ಟಿದ್ದು 1984ರಲ್ಲಿ ಎಂಐಟಿಯಲ್ಲಿ, ಅದರ ಈಗ್ಲೂ ಓಡ್ತಿರೋ ಆವೃತ್ತಿ ಎಕ್ಸ್11 ಬಂದಿದ್ದು 1987ರಲ್ಲಿ. ಎಲ್ಲರನ್ನೂ ನಂಬೋ ಕಾಲದ ಮನೆ ಅದು, ಒಂದೇ ಸೆಷನ್‌ನಲ್ಲಿರೋ ಯಾವ ಪ್ರೋಗ್ರಾಮ್ ಬೇಕಾದ್ರೂ ಪಕ್ಕದ ವಿಂಡೋಲಿ ನೀವು ಹೊಡೆಯೋ ಪಾಸ್‌ವರ್ಡ್ ಕದ್ದು ನೋಡಬಹುದು. 2008ರಲ್ಲಿ ಶುರುವಾದ ವೇಲ್ಯಾಂಡ್ ಈ ಬಾಗಿಲು ಮುಚ್ಚಿತು. ಒಳ್ಳೇದೇ, ಆದ್ರೆ ನನ್ನ ಸ್ಕ್ರೀನ್‌ಶಾಟ್ ಸ್ಕ್ರಿಪ್ಟು, ಎಕ್ಸ್‌ಡೂಟೂಲಲ್ಲಿ (ಕೀಬೋರ್ಡ್, ಮೌಸ್ ಕೆಲಸ ತಾನೇ ಮಾಡೋ ಟೂಲು) ಬರ್ಕೊಂಡಿದ್ದ ಶಾರ್ಟ್‌ಕಟ್ಟು ಎಲ್ಲಾ ಅದೇ ಬಾಗಿಲಲ್ಲಿ ಓಡಾಡ್ತಿದ್ವು, ಈಗ ಸ್ಕ್ರೀನ್ ಶೇರ್ ಮಾಡೋಕೂ ಪೋರ್ಟಲ್ (ಆ್ಯಪ್ ಪರವಾಗಿ ಅನುಮತಿ ಕೇಳೋದು), ಪೈಪ್‌ವೈರ್ (ಸ್ಕ್ರೀನ್ ಚಿತ್ರ ಸಾಗಿಸೋದು) ಅಂತ ಸುತ್ತಿ ಬಳಸಿ ಪರ್ಮಿಷನ್ ಕೇಳ್ಕೊಂಡು ಹೋಗ್ಬೇಕು.

ನನ್ನ ಲ್ಯಾಪ್‌ಟಾಪ್ 4ಕೆ, ಹೊರಗಿನ ಮಾನಿಟರ್ ಹಳೇ 1080ಪಿ. ಎಕ್ಸಲ್ಲಿ ಒಂದ್ಕಡೆ ಅಕ್ಷರ ಇರುವೆ, ಇನ್ನೊಂದ್ಕಡೆ ಆನೆ. ವೇಲ್ಯಾಂಡಲ್ಲಿ ಎರಡಕ್ಕೂ ಬೇರೆಬೇರೆ ಸ್ಕೇಲು, ಇದೊಂದಕ್ಕೇ ನಾನು ಬದಲಾಗಿದ್ದು. ಕೆಲವು ಹಳೇ ಆ್ಯಪ್‌ಗಳು ಎಕ್ಸ್‌ಗೆ ಬರೆದ ಆ್ಯಪ್‌ಗಳನ್ನ ವೇಲ್ಯಾಂಡಲ್ಲಿ ಓಡ್ಸೋ ಎಕ್ಸ್‌ವೇಲ್ಯಾಂಡ್ ಮೂಲಕ ಬಂದು ಮಬ್ಬು ಕಾಣ್ಸುತ್ವೆ, ಇರ್ಲಿ.

ಕೋಪ ಬರೋದು ಒಂದಕ್ಕೇ. ಎಕ್ಸಲ್ಲಿ ವಿಂಡೋಗಳನ್ನ ಜೋಡ್ಸೋ ವಿಂಡೋ ಮ್ಯಾನೇಜರ್ ಬಿದ್ರೆ (ಕ್ರ್ಯಾಶ್ ಆದ್ರೆ) ಮತ್ತೆ ಎಬ್ಬಿಸ್ತಿದ್ದೆ, ಇಲ್ಲಿ ಎಲ್ಲಾ ವಿಂಡೋ ಸೇರ್ಸಿ ಪರದೆಗೆ ತರೋ ಕಂಪೋಸಿಟರ್ರೇ ಡಿಸ್‌ಪ್ಲೇ ಸರ್ವರ್, ಅದು ಬಿದ್ರೆ ತೆರೆದಿದ್ದ ಆ್ಯಪ್‌ಗಳೂ ಸಾಮಾನ್ಯವಾಗಿ ಜೊತೆಗೇ ಹೋಗ್ತವೆ, ಹೋದ ವಾರ ಸೇವ್ ಮಾಡದ ಎರಡು ಪುಟ ಹಂಗೇ ಹೋಯ್ತು. ಆಫೀಸ್ ಮಷೀನಲ್ಲಿ ಇನ್ನೂ ಎಕ್ಸೇ ಇಟ್ಕೊಂಡಿದೀನಿ.